ತಗ್ಗಿದ ಶ್ರುತಿ

ಗೆಳೆಯ ತನ್ನ ಕೋಣೆಯಲ್ಲಿ ನುಡಿಸಿ ಕಳುಹಿಸಿದ್ದ ಗಿಟಾರ್ ಟ್ರ್ಯಾಕನ್ನು ನನ್ನ ಹಾಡಿನ ಪಕ್ಕಕ್ಕೆ ತಂದಿಟ್ಟು ಕೇಳಿದಾಗ, ಮೊದಲ ಸಾಲಿನಲ್ಲೇ ಎರಡೂ ಬೇರೆ ಬೇರೆ ದಾರಿ ಹಿಡಿದಿದ್ದವು. ಗಿಟಾರ್ ನನ್ನ ಶ್ರುತಿಗಿಂತ ಕೆಳಗಿತ್ತು, ಲಯವೂ ಎಳೆದಾಡುತ್ತಿತ್ತು. ತಂತಿಗಳನ್ನು ಸರಿಯಾಗಿ ಕೂಡಿಸಿಕೊಳ್ಳದೆ ನುಡಿಸಿದ್ದೀಯ ಎಂದು ಅವನಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟೆ. ಅವನು ಜಗಳವಾಡಲಿಲ್ಲ; ಫೈಲಿನ ಉದ್ದ ಎಷ್ಟು ತೋರಿಸುತ್ತಿದೆ ಎಂದಷ್ಟೇ ಕೇಳಿದ. 4 ನಿಮಿಷ 21 ಸೆಕೆಂಡು ಎಂದೆ. ತಾನು ನುಡಿಸಿದ್ದು ಸರಿಯಾಗಿ 4 ನಿಮಿಷ ಎಂದ.

ತಪ್ಪು ನನ್ನದೇ ಆಗಿತ್ತು. ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆಂಬ ಲೆಕ್ಕ, ಎರಡರಲ್ಲೂ ಬೇರೆಯಾಗಿತ್ತು: ಅವನ ಫೈಲು 48 ಕಿಲೋಹರ್ಟ್ಜ್‌ನಲ್ಲಿತ್ತು, ನನ್ನ ಪ್ರಾಜೆಕ್ಟ್ 44.1ರಲ್ಲಿತ್ತು. ಫೈಲನ್ನು ಒಳಗೆ ತರುವಾಗ ಸ್ಯಾಂಪಲ್ ರೇಟ್ ಪರಿವರ್ತಿಸಬೇಕೇ ಎಂದು ತಂತ್ರಾಂಶ ಕೇಳಿತ್ತು. ಪರಿವರ್ತಿಸಿದರೆ ಗುಣಮಟ್ಟ ಕೆಡುತ್ತದೆ ಎಂದು ಎಲ್ಲೋ ಕೇಳಿದ್ದ ಮಾತನ್ನು ನಂಬಿ ಬೇಡವೆಂದು ಒತ್ತಿದ್ದೆ. ಸೆಕೆಂಡಿಗೆ 48,000 ಮಾದರಿಗಳಂತೆ ಅಳೆದ ಧ್ವನಿಯನ್ನು ಸೆಕೆಂಡಿಗೆ 44,100ರಂತೆ ಓದಿಸಿದರೆ ಅದು ನಿಧಾನವಾಗಿ ಹರಿಯದೆ ಬೇರೆ ದಾರಿಯಿಲ್ಲ. ಹಾಗಾಗಿಯೇ ನಾಲ್ಕು ನಿಮಿಷದ ಗಿಟಾರ್ 21 ಸೆಕೆಂಡು ಹಿಗ್ಗಿತ್ತು, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಗಿಟಾರಿನಲ್ಲಿ ಒಂದು ಮೆಟ್ಟಿಲಿನ ಅಂತರವೇ ಒಂದು ಸೆಮಿಟೋನ್) ಕುಸಿದಿತ್ತು. ಪಾಪ, ತಂತಿಗಳ ತಪ್ಪೇನೂ ಇರಲಿಲ್ಲ.

ಈ ಪೆಟ್ಟು ತಿನ್ನುವ ಮೊದಲು ಸ್ಯಾಂಪಲ್ ರೇಟಿನ ಬಗ್ಗೆ ನನಗಿದ್ದ ಭಕ್ತಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಕೊಳ್ಳುವಾಗ ಎರಡು ಪೆಟ್ಟಿಗೆಗಳು ನನ್ನ ಮುಂದಿದ್ದವು. ಒಂದರ ಮೇಲೆ 192 ಕಿಲೋಹರ್ಟ್ಜ್ ಎಂದು ದೊಡ್ಡದಾಗಿ ಬರೆದಿತ್ತು. ಇನ್ನೊಂದು 96ಕ್ಕೇ ನಿಲ್ಲುತ್ತಿತ್ತು, ಆದರೆ ಮೈಕಿನ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಅದರ ಪ್ರೀಆಂಪ್ ಹೆಚ್ಚು ಗೇನ್, ಅಂದರೆ ಹೆಚ್ಚು ಏರಿಕೆ, ಕೊಡುತ್ತಿತ್ತು. ನನ್ನಲ್ಲಿದ್ದುದು ಡೈನಾಮಿಕ್ ಮೈಕ್. ಅದರ ಸಂಕೇತವೇ ಬಡಕಲು, ಮೆಲುದನಿಯಲ್ಲಿ ಹಾಡುವವರಿಗೆ ಸುಮಾರು 60 ಡೆಸಿಬೆಲ್ ಗೇನ್ ಬೇಕಾಗುತ್ತದೆ. ಇದನ್ನು ಓದಿಯೂ ನಾನು ದೊಡ್ಡ ಅಂಕಿಯನ್ನೇ ಆರಿಸಿಕೊಂಡೆ.

ಮನೆಗೆ ತಂದ ದಿನವೇ 192ರಲ್ಲಿ ರೆಕಾರ್ಡ್ ಮಾಡಲು ಕುಳಿತೆ. 24 ಬಿಟ್‌ನಲ್ಲಿ, ಅಂದರೆ ಪ್ರತಿ ಮಾದರಿಯನ್ನೂ 24 ಬಿಟ್‌ಗಳಲ್ಲಿ ಬರೆದಿಟ್ಟಾಗ, ಒಂದೇ ಮೋನೋ ಟ್ರ್ಯಾಕು ನಿಮಿಷಕ್ಕೆ ಸುಮಾರು 35 ಮೆಗಾಬೈಟ್ ನುಂಗುತ್ತಿತ್ತು. ನಾಲ್ಕು ನಿಮಿಷದ ಹಾಡಿಗೆ ಎಂಟು ಟ್ರ್ಯಾಕುಗಳಾದಾಗ ಡಿಸ್ಕಿನಲ್ಲಿ ಒಂದು ಗಿಗಾಬೈಟಿಗೂ ಹೆಚ್ಚು ಜಾಗ ಹೋಗಿತ್ತು. ಅದು ಹೇಗೋ ಸಹಿಸಬಹುದಾದದ್ದು. ಸಹಿಸಲಾಗದ್ದು, ನನ್ನ ಹಳೆಯ ಕಂಪ್ಯೂಟರು ಧ್ವನಿ ತಿದ್ದುವ ಎರಡು ಪ್ಲಗಿನ್ ಹಾಕಿದೊಡನೆ ಉಸಿರುಗಟ್ಟಿ, ಹಾಡಿನ ನಡುವೆ ಚಟ್ ಚಟ್ ಎಂದು ಸದ್ದು ಮಾಡುತ್ತಿದ್ದುದು. ಕಂಪ್ಯೂಟರು ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಂಸ್ಕರಿಸುವ ಧ್ವನಿಯ ತುಣುಕನ್ನು, ಅಂದರೆ ಬಫರನ್ನು, ಹೆಚ್ಚಿಸಿದರೆ ಆ ಸದ್ದು ನಿಲ್ಲುತ್ತಿತ್ತು, ಆದರೆ ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳಿಸುತ್ತಿತ್ತು. ಹತಾಶನಾಗಿ ಒಮ್ಮೆಲೇ ಸಿ.ಡಿ.ಯ ದರವಾದ 44.1ಕ್ಕೆ ಇಳಿದೆ. ಗೆಳೆಯ ವೀಡಿಯೋ ಕೆಲಸದವನಾದ್ದರಿಂದ ಅಲ್ಲಿ ರೂಢಿಯಾದ 48ರಲ್ಲೇ ಉಳಿದಿದ್ದ. ನಾವಿಬ್ಬರೂ ಇದನ್ನು ಮಾತಾಡಿಕೊಂಡೇ ಇರಲಿಲ್ಲ.

ಆ ರಾತ್ರಿ, ಗೆಳೆಯನಲ್ಲಿ ಕ್ಷಮೆ ಕೇಳಿದ ಮೇಲೆ, ನನ್ನ ಕಿವಿಯನ್ನೇ ಪರೀಕ್ಷಿಸೋಣವೆನಿಸಿತು. 96ರಲ್ಲಿ ಒಂದು ಚರಣ ಹಾಡಿ, ಅದನ್ನೇ 48ಕ್ಕೆ ಇಳಿಸಿ ಮತ್ತೆ 96ಕ್ಕೆ ಏರಿಸಿ, ಎರಡರ ಮಟ್ಟವೂ ಒಂದೇ ಇರುವಂತೆ ನೋಡಿಕೊಂಡು, ಯಾವುದು ಯಾವುದೆಂದು ತಿಳಿಯದ ಹಾಗೆ ಹತ್ತು ಸಲ ಕೇಳಿದೆ. ಆರು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟು ಸರಿಯುತ್ತರ ಸುಲಭವಾಗಿ ಬರಬಹುದಿತ್ತು. ಇದರಲ್ಲಿ ಅಚ್ಚರಿಯೇನಿಲ್ಲ: ಸ್ಯಾಂಪಲ್ ರೇಟಿನ ಅರ್ಧಕ್ಕಿಂತ ಕೆಳಗಿನ ಆವರ್ತನಗಳೆಲ್ಲ ಅದರಲ್ಲಿ ಹಿಡಿದಿರುತ್ತವೆ, 48ರ ಅರ್ಧ 24 ಕಿಲೋಹರ್ಟ್ಜ್, ಮನುಷ್ಯನ ಕಿವಿಯ ಮೇಲ್ಮಿತಿ 20ರ ಸುಮಾರು, ಅದೂ ವಯಸ್ಸಾದಂತೆ ಇಳಿಯುತ್ತ ಹೋಗುತ್ತದೆ. 96 ಎಲ್ಲಿಯೂ ಬೇಡವೆಂದು ನಾನು ಹೇಳಲಾರೆ. ಧ್ವನಿಯನ್ನು ತೀರ ನಿಧಾನಗೊಳಿಸಿ ವಿಚಿತ್ರ ಸದ್ದು ಹುಟ್ಟಿಸುವವರಿಗೆ, ಕಿವಿಗೆ ಎಟುಕದ ಆವರ್ತನಗಳನ್ನೂ ಹಿಡಿಯುವ ಮೈಕ್ ಇದ್ದರೆ, ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ನಾನು ಮಾಡುತ್ತಿದ್ದುದು ಗಿಟಾರಿನೊಂದಿಗೆ ಒಂದು ಹಾಡು.

ಆದರೆ ಆ ಹತ್ತು ಸಲವೂ ಎರಡರಲ್ಲೂ ಒಂದೇ ರೀತಿ ಕೇಳಿಸಿದ್ದು ಹಾಡಿನ ಹಿಂದಿನ ಸುಯ್ಯೆನ್ನುವ ಸದ್ದು. ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದೆನಲ್ಲ, ಪ್ರೀಆಂಪಿನದೇ ಸದ್ದು ಅದು. 24 ಬಿಟ್ ಲೆಕ್ಕದಲ್ಲಿ ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನದರವರೆಗೆ 144 ಡೆಸಿಬೆಲ್ ವ್ಯಾಪ್ತಿ ಕೊಡುತ್ತದೆ. ಧ್ವನಿಯನ್ನು ಅಂಕಿಗಳಾಗಿಸುವ ಒಳ್ಳೆಯ ಪರಿವರ್ತಕಗಳೂ ವಾಸ್ತವದಲ್ಲಿ ಮುಟ್ಟುವುದು 120ರ ಆಸುಪಾಸನ್ನು. ಆ ವ್ಯಾಪ್ತಿಯ ಎಷ್ಟೋ ಪಾಲನ್ನು ನಾನು ಒಂದು ಬಡ ಪ್ರೀಆಂಪಿಗೂ ಗೋಡೆಗಳು ಬರಿದಾಗಿದ್ದ ಕೋಣೆಗೂ ಒಪ್ಪಿಸಿಬಿಟ್ಟಿದ್ದೆ.

ಮರುವಾರ ಇಂಟರ್‌ಫೇಸನ್ನು ಬದಲಾಯಿಸಿ, 96ಕ್ಕೇ ನಿಲ್ಲುವ ಆ ಇನ್ನೊಂದನ್ನೇ ತಂದೆ. ಪ್ರಾಜೆಕ್ಟನ್ನು 48ರಲ್ಲಿ, 24 ಬಿಟ್‌ನಲ್ಲಿ ಹೊಸದಾಗಿ ತೆರೆದು, ಹಾಡುವಾಗ ಬಫರನ್ನು 128 ಮಾದರಿಗೆ ಇಟ್ಟುಕೊಂಡೆ. ಒಂದು ಬಫರಿನ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆಯಾದದ್ದರಿಂದ ನನ್ನ ದನಿ ನನ್ನ ಬಾಯಿಗೇ ಅಂಟಿಕೊಂಡಂತಿತ್ತು. ಧ್ವನಿಯ ಮಟ್ಟವನ್ನು ಮೀಟರಿನ ಕೆಂಪಿನ ಹತ್ತಿರಕ್ಕೆ ತಳ್ಳುವ ಹಳೆಯ ಚಟವನ್ನೂ ಬಿಟ್ಟು, ಎತ್ತರದ ಸ್ವರಗಳಿಗೂ ಹನ್ನೆರಡು ಡೆಸಿಬೆಲ್ ಜಾಗ ಉಳಿಸಿದೆ. ಗೆಳೆಯನ ಗಿಟಾರ್ ಸರಿಯಾಗಿ 4 ನಿಮಿಷಕ್ಕೆ ಮುಗಿಯಿತು, ಶ್ರುತಿಯೂ ಕೂಡಿತು. ಸುಯ್ಯೆನ್ನುವ ಸದ್ದು ಅಡಗಿದ ಮೇಲೆ, ಎರಡನೆಯ ಚರಣಕ್ಕೆ ಮುಂಚಿನ ಮೌನದಲ್ಲಿ, ನಾನು ಆರಿಸಲು ಮರೆತಿದ್ದ ಫ್ಯಾನು ತಿರುಗುವುದು ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು.