ಆರ್‌ಸಿಗೆ ಸ್ಪೀಡ್ ಅಲ್ಲ, ತಾಳ್ಮೆ ಬೇಕು

ಕ್ಯಾಟ್‌ಗೆ (ಐಐಎಂಗಳಲ್ಲಿ ಎಂಬಿಎ ಸೇರೋಕೆ ಬರೆಯೋ ಪರೀಕ್ಷೆ) ಓದ್ತಿರೋರೆಲ್ಲ ಆರ್‌ಸಿ, ಅಂದ್ರೆ ಪ್ಯಾಸೇಜ್ ಓದಿ ಉತ್ತರ ಕೊಡೋ ರೀಡಿಂಗ್ ಕಾಂಪ್ರೆಹೆನ್ಷನ್ ಬಗ್ಗೆ ಮೊದಲು ಕೇಳೋದು ಒಂದೇ, ರೀಡಿಂಗ್ ಸ್ಪೀಡ್ ಹೇಗೆ ಜಾಸ್ತಿ ಮಾಡ್ಕೊಳ್ಳೋದು ಅಂತ. ನಾನೂ ಎರಡು ತಿಂಗಳು ಅದರ ಹಿಂದೆನೇ ಬಿದ್ದಿದ್ದೆ, ಸ್ಪೀಡ್ ಬಂತು ಆದ್ರೆ ಮಾರ್ಕ್ಸ್ ಬರ್ಲಿಲ್ಲ.

ಲೆಕ್ಕ ನೋಡಿ, 2024ರ ಕ್ಯಾಟ್‌ನಲ್ಲಿ ವರ್ಬಲ್ ಸೆಕ್ಷನ್‌ಗೆ 40 ನಿಮಿಷ, 24 ಪ್ರಶ್ನೆ, ಅದರಲ್ಲಿ 16 ಆರ್‌ಸಿದೇ, ನಾಲ್ಕು ಪ್ಯಾಸೇಜ್. ಸರಿ ಉತ್ತರಕ್ಕೆ 3, ಆಪ್ಷನ್ ಇರೋ ಪ್ರಶ್ನೆ ತಪ್ಪಾದ್ರೆ 1 ಮೈನಸ್. ಅಂದ್ರೆ ಉಳಿದ 8 ಪ್ರಶ್ನೆಗೆ ಹತ್ತು ಹನ್ನೆರಡು ನಿಮಿಷ ಬಿಟ್ರೂ ಒಂದು ಪ್ಯಾಸೇಜ್‌ಗೆ ಏಳು ಏಳೂವರೆ ನಿಮಿಷ ಸಿಗುತ್ತೆ, ಅದು ಕಮ್ಮಿ ಏನಲ್ಲ.

ನಂಗೆ ನಿಜವಾಗ್ಲೂ ಹೆಲ್ಪ್ ಆಗಿದ್ದು ಪ್ರತಿ ಪ್ಯಾರಾ ಮುಗಿದ ಮೇಲೆ ಒಂದು ಸೆಕೆಂಡ್ ನಿಂತು, ಲೇಖಕ ಇಲ್ಲಿ ಏನ್ ಮಾಡ್ತಿದಾನೆ, ವಾದ ಮಾಡ್ತಿದಾನಾ, ಉದಾಹರಣೆ ಕೊಡ್ತಿದಾನಾ, ಬೇರೆಯವರ ಮಾತು ಹೇಳಿ ಅದನ್ನ ಒಡೀತಿದಾನಾ ಅಂತ ಕನ್ನಡದಲ್ಲೇ ಮನಸ್ಸಲ್ಲಿ ಹೇಳ್ಕೊಳ್ಳೋದು. (ಕನ್ನಡದಲ್ಲಿ ಹೇಳೋಕಾಗ್ಲಿಲ್ಲ ಅಂದ್ರೆ ಇಂಗ್ಲಿಷ್ ವಾಕ್ಯ ಅರ್ಥ ಆಗಿಲ್ಲ ಅಂತಾನೇ.) 'ಹೌಎವರ್', 'ಯೆಟ್' ಥರದ ಪದ ಕಂಡ ತಕ್ಷಣ ನಿಧಾನ ಮಾಡಿ, ಲೇಖಕನ ಸ್ವಂತ ಅಭಿಪ್ರಾಯ ಬಹಳ ಸಲ ಅದರ ಆಚೆ ಕಡೆನೇ ಇರುತ್ತೆ.

ಆಪ್ಷನ್‌ಗಳಲ್ಲಿ 'ಆಲ್ವೇಸ್', 'ಓನ್ಲಿ' ಇದ್ರೆ ಸ್ವಲ್ಪ ಅನುಮಾನದಿಂದ ನೋಡಿ, ಹಾಗಂತ ಕಣ್ಮುಚ್ಚಿ ಹೊಡೆದು ಹಾಕ್ಬೇಡಿ. ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು, ಪ್ರಪಂಚದಲ್ಲಿ ನಿಜ ಆಗಿರೋ ಆದ್ರೆ ಪ್ಯಾಸೇಜ್‌ನಲ್ಲಿ ಇಲ್ಲದೇ ಇರೋ ಮಾತು, ನಾನು ಅತಿ ಹೆಚ್ಚು ಮಾರ್ಕ್ಸ್ ಕಳ್ಕೊಂಡಿದ್ದು ಇದರಲ್ಲೇ.

ಮಾಕ್ (ಅಭ್ಯಾಸಕ್ಕೆ ಬರೆಯೋ ಮಾದರಿ ಪರೀಕ್ಷೆ) ಬರೆದ ದಿನಾನೇ ತಪ್ಪಾದ ಪ್ರಶ್ನೆ ತೆಗೆದು, ಉತ್ತರ ಯಾವ ಸಾಲಲ್ಲಿತ್ತು ಅಂತ ಬೆರಳಿಟ್ಟು ಹುಡುಕಿ, ಒಂದು ಮಾಕ್‌ಗೆ ಎರಡು ಗಂಟೆ ಹೋದ್ರೂ ಹೋಗ್ಲಿ.