ಅಪ್ಪನ ಹೆಸರಿನಲ್ಲಿ ಒಂದು ವಿಳಾಸ

ಏಪ್ರಿಲ್ 14, 2024, ಭಾನುವಾರ
ನಿಶಿ ಕಸಾಯ್, ಟೋಕಿಯೋ

ನಾನು ಈ ದೇಶಕ್ಕೆ ಬಂದಿಳಿದದ್ದು ಮಾರ್ಚ್ 16ರಂದು. ಇಂದು ಬೆಳಿಗ್ಗೆ ತಿಪಟೂರಿಗೆ ಫೋನ್ ಮಾಡಿದಾಗ ಅಪ್ಪ ಬೇರೆ ಮಾತೆತ್ತುವ ಮೊದಲೇ, "ಈಗಲಾದರೂ ನಿಂತ ಮನೆ ಆಯ್ತಲ್ಲ, ವಿಳಾಸ ಹೇಳಮ್ಮ, ಬರೆದುಕೊಳ್ತೀನಿ" ಎಂದರು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು ಅವರು. ಮಗಳು ಯಾವುದಾದರೂ ಊರಿನಲ್ಲಿ ನೆಲೆ ನಿಂತಿದ್ದಾಳೆ ಎಂದು ಅವರು ಒಪ್ಪಬೇಕಾದರೆ ಆ ಊರಿನಲ್ಲಿ ಅವಳಿಗೆ ಕಾಗದ ತಲುಪಬೇಕು.

ವಿಳಾಸವನ್ನು ಹೇಳಿದೆ. ಮೊದಲು ಏಳು ಅಂಕಿಗಳ ಅಂಚೆ ಸಂಖ್ಯೆ, ಆಮೇಲೆ ಟೋಕಿಯೋ, ಅದರೊಳಗೆ ಎದೊಗಾವಾ ವಾರ್ಡ್, ಅದರೊಳಗೆ ನಿಶಿ ಕಸಾಯ್, ಅದರ ಇಂತಿಷ್ಟನೆಯ ಭಾಗ, ಆ ಭಾಗದ ಇಂತಿಷ್ಟನೆಯ ಚೌಕ, ಚೌಕದ ಸುತ್ತ ಎಣಿಸಿಕೊಂಡು ಬಂದರೆ ಸಿಗುವ ಕಟ್ಟಡ, ಅದರ ಕೋಣೆ, ಕಟ್ಟಕಡೆಗೆ ಮನುಷ್ಯರ ಹೆಸರು. ಇಲ್ಲಿನ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಬೀದಿಗಳ ನಡುವಿನ ನೆಲಕ್ಕೆ ಸಂಖ್ಯೆ ಕೊಟ್ಟಿದ್ದಾರೆ. 1962ರ ಕಾನೂನೊಂದು ಈ ಚೌಕಗಳ ಪದ್ಧತಿಯನ್ನು ವ್ಯವಸ್ಥೆಗೆ ತಂದಿತು. ನಮ್ಮ ಲಕೋಟೆಯ ಮೇಲೆ ಹೆಸರು ಮೊದಲು ಬಂದು ದೇಶ ಕೊನೆಗೆ ಬರುವುದರಿಂದ ಈ ಕ್ರಮ ಅಪ್ಪನಿಗೆ ವಿಚಿತ್ರವಾಗಿ ಕಾಣಬಹುದೆಂದು ನಾನು ಎಣಿಸಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿಯಾಗೇ ಇದೆ ಕಣಮ್ಮ. ವಿಂಗಡಿಸೋನು ಯಾವತ್ತೂ ಕೆಳಗಿಂದ ಮೇಲಕ್ಕೇ ಓದೋದು. ಅವರು ಓದೋ ಹಾಗೇ ಬರೆದಿದ್ದಾರೆ" ಎಂದರು. ಈ ನಾಲ್ಕು ವಾರಗಳಲ್ಲಿ ಜಪಾನಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಅರ್ಥವಾಗುವಂತೆ ಹೇಳಿದವರು ಬೇರೊಬ್ಬರಿಲ್ಲ.

ಆ ವಿಳಾಸವನ್ನು ಸಂಪಾದಿಸಿದ ಬಗೆಯನ್ನು ಬರೆದಿಡಬೇಕು. ಕೆಲಸ ಸಿಕ್ಕ ಮೇಲೆ ಕಂಪನಿಯವರು ಇಲ್ಲಿನ ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ಪಡೆದು ಕಳುಹಿಸಿದ್ದು, ಅದನ್ನು ತೋರಿಸಿ ಬೆಂಗಳೂರಿನಲ್ಲಿ ವೀಸಾ ಪಡೆದದ್ದು, ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಮೂರು ವರ್ಷದ ನಿವಾಸ ಕಾರ್ಡ್ ಕೈಗೆ ಬಂದದ್ದು, ಇವೆಲ್ಲ ತೊಡಕಿಲ್ಲದೆ ನಡೆದುಹೋದವು. ಆ ಕಾರ್ಡನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂಬುದು ಕಾನೂನು. ಕೈಗೆ ಬಂದಾಗ ಅದರ ಹಿಂಬದಿಯಲ್ಲಿ ವಿಳಾಸದ ಜಾಗ ಖಾಲಿಯಿತ್ತು. ಆ ಖಾಲಿ ಜಾಗವೇ ಮುಂದಿನ ಎರಡು ವಾರಗಳ ನನ್ನ ಚಿಂತೆಯಾಯಿತು.

ಮಾರ್ಚ್ ತಿಂಗಳು ಇಲ್ಲಿ ಮನೆ ಬದಲಿಸುವವರ ಕಾಲ. ನಮ್ಮಲ್ಲಿಯಂತೆಯೇ ಇಲ್ಲಿಯೂ ಏಪ್ರಿಲ್ 1ಕ್ಕೆ ಹಣಕಾಸು ವರ್ಷ ಆರಂಭವಾಗುತ್ತದೆ. ಶಾಲೆಗಳೂ ಹೊಸ ನೌಕರಿಗಳೂ ಆಗಲೇ ಶುರುವಾಗುತ್ತವೆ. ಕಂಪನಿಯವರು ತಿಂಗಳ ಕೊನೆಯವರೆಗೆ ಒಂದು ತಾತ್ಕಾಲಿಕ ಕೋಣೆ ಕೊಟ್ಟಿದ್ದರು. ಅಷ್ಟರಲ್ಲಿ ಮನೆ ಹುಡುಕಬೇಕಿತ್ತು. ಬಾಡಿಗೆ ಮಧ್ಯವರ್ತಿಯೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು, ನಾನು ಗುರುತು ಹಾಕಿದ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದರು. ಪ್ರತಿಯೊಂದು ಕರೆಯಲ್ಲೂ 'ಗಾಯ್ಕೊಕುಜಿನ್' ಎಂಬ ಪದ ಬರುತ್ತಿತ್ತು. ವಿದೇಶೀಯರು ಎಂದರ್ಥ, ನನಗೆ ಆಗ ಗೊತ್ತಿದ್ದ ಕೆಲವೇ ಪದಗಳಲ್ಲಿ ಅದೂ ಒಂದು. ಮೂರು ಕಡೆ ಅಲ್ಲಿಗೇ ಮಾತು ಮುಗಿಯಿತು. ಪ್ರತಿ ಸಲವೂ ಆ ಮಧ್ಯವರ್ತಿ ತಾವೇ ತಪ್ಪು ಮಾಡಿದವರಂತೆ ನನಗೆ ತಲೆ ಬಾಗಿಸಿದರು. ನಾನೂ ಬಾಗಿಸಿದೆ; ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ.

ಈ ನೋವು ನನ್ನೊಬ್ಬಳದಲ್ಲ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶೀಯರ ಪೈಕಿ ನೂರಕ್ಕೆ ಸುಮಾರು 39 ಮಂದಿ ತಾವು ವಿದೇಶೀಯರೆಂಬ ಕಾರಣಕ್ಕೇ ಮನೆ ಸಿಗದಿದ್ದ ಅನುಭವವನ್ನು ಹೇಳಿಕೊಂಡಿದ್ದರು. ಅಂದು ರಾತ್ರಿ ಕೋಪ ಆರಿದ ಮೇಲೆ ಬೆಂಗಳೂರು ನೆನಪಾಯಿತು. "ಯಾವ ಜನ? ಮಾಂಸ ತಿನ್ನೋರಾ? ಒಬ್ಬರೇನಾ?" ಎಂದು ಕೇಳಿ ಬಾಗಿಲಿನಲ್ಲೇ ಮುಖ ತಿರುಗಿಸುವ ಮನೆಗಳನ್ನು ನಾನು ಅಲ್ಲಿ ಗೆಳತಿಯರ ಜೊತೆ ಎಷ್ಟೋ ಸಲ ಕಂಡಿದ್ದೇನೆ. ಆಗ ಗೆಳತಿಗಾಗಿ ಮರುಗಿದ್ದೆನೇ ಹೊರತು ಆ ಮಾತು ಕೇಳಿಸಿಕೊಂಡವಳಿಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ಮನೆಯವರು ಒಪ್ಪಿದರು. ತಿಂಗಳ ಬಾಡಿಗೆ 92 ಸಾವಿರ ಯೆನ್. ಒಳಗೆ ಕಾಲಿಡುವ ಮೊದಲು ಕೊಟ್ಟ ಹಣವೆಲ್ಲ ಸೇರಿ ಸುಮಾರು ಐದು ತಿಂಗಳ ಬಾಡಿಗೆಯಷ್ಟಾಯಿತು. 'ಶಿಕಿಕಿನ್' ಎಂಬುದು ನಮ್ಮ ಅಡ್ವಾನ್ಸ್ ಇದ್ದಂತೆ. ಮನೆ ಬಿಡುವಾಗ ಸ್ವಚ್ಛತೆ, ದುರಸ್ತಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. 'ರೇಕಿನ್' ಎಂಬುದು ಮನೆ ಕೊಟ್ಟದ್ದಕ್ಕಾಗಿ ಮಾಲೀಕರಿಗೆ ಅರ್ಪಿಸುವ ಕೃತಜ್ಞತೆಯ ಹಣ, ಅದು ಹಿಂದಿರುಗುವುದಿಲ್ಲ. ಇವಲ್ಲದೆ ಮಧ್ಯವರ್ತಿಯ ಶುಲ್ಕ, ಬೆಂಕಿ ವಿಮೆ, ಬೀಗ ಬದಲಿಸುವ ಖರ್ಚು, ಮತ್ತು ಜಾಮೀನು ನಿಲ್ಲಲು ಬಂಧುಗಳಿಲ್ಲದ ನನ್ನಂಥವರ ಪರವಾಗಿ ನಿಲ್ಲುವ ಜಾಮೀನು ಕಂಪನಿಯ ಶುಲ್ಕ. ಮೊದಲ ಸಂಬಳ ಬರುವುದೇ ಈ ತಿಂಗಳ 25ಕ್ಕೆ. ಕಂಪನಿಯವರು ಮುಂಗಡ ಕೊಡದಿದ್ದರೆ ಊರಿಗೆ ಕೇಳಬೇಕಾಗುತ್ತಿತ್ತು. ಬರುವವರು ಯಾರಾದರೂ ಇದ್ದರೆ ಈ ಒಂದು ಲೆಕ್ಕವನ್ನು ನೌಕರಿಗೆ ಒಪ್ಪಿಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕೆಂಬುದು ನನ್ನ ಕಳಕಳಿಯ ಮಾತು.

ಮಾರ್ಚ್ 30ರಂದು ಮನೆಗೆ ಬಂದೆ. ಬಂದು ನೆಲೆಸಿದ 14 ದಿನಗಳೊಳಗೆ ವಾರ್ಡ್ ಕಚೇರಿಯಲ್ಲಿ ನೋಂದಾಯಿಸಬೇಕು. ಏಪ್ರಿಲ್ 3ರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಹೋದೆ. ಕಿಟಕಿಯಲ್ಲಿದ್ದ ಹಿರಿಯ ಮಹಿಳೆ ನನ್ನ ಅರ್ಜಿಯನ್ನು ಬೆರಳಿಟ್ಟು ಓದಿ, ಕಾರ್ಡಿನ ಹಿಂಬದಿಯ ಖಾಲಿ ಜಾಗದಲ್ಲಿ ವಿಳಾಸವನ್ನು ಮುದ್ರಿಸಿ, ಎರಡೂ ಕೈಗಳಿಂದ ಹಿಡಿದು ಕೊಟ್ಟರು. "ರಂಗಪ್ಪ ಸಾನ್" ಎಂದು ಕರೆದರು.

ರಂಗಪ್ಪ ನನ್ನ ತಂದೆಯ ಹೆಸರು. ಶಾಲೆಯ ದಾಖಲೆಯಲ್ಲಿ ನಾನು ಟಿ. ಆರ್. ಲಲಿತಾ: ತಿಪಟೂರು, ರಂಗಪ್ಪ, ಲಲಿತಾ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ, ಮನೆತನದ ಹೆಸರೆಂಬುದು ನಮಗಿಲ್ಲದ ಕಾರಣ ಆ ಜಾಗಕ್ಕೆ ಅಪ್ಪನ ಹೆಸರನ್ನು ಹಾಕಿದೆವು. ಅದೇ ಇಲ್ಲಿನ ಕಾರ್ಡಿಗೂ, ಬ್ಯಾಂಕಿಗೂ, ಕಚೇರಿಗೂ ಬಂದಿದೆ. ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುವುದು ಇವರ ಕ್ರಮ. ಹೀಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ತಿಪಟೂರಿನಲ್ಲಿ ಅವರನ್ನು ಹೆಸರಿಟ್ಟು ಕರೆಯುವವರು ಈಗ ಕಡಿಮೆ. ಓರಗೆಯವರಲ್ಲಿ ಬಹಳ ಮಂದಿ ಹೋಗಿಬಿಟ್ಟಿದ್ದಾರೆ. ಇಲ್ಲಿ ಆ ಹೆಸರು ದಿನಕ್ಕೆ ಇಪ್ಪತ್ತು ಸಲವಾದರೂ ಕೇಳಿಬರುತ್ತದೆ.

ಆ ಹೆಸರನ್ನು ಅವರು ಉಚ್ಚರಿಸುವುದೂ ಎಷ್ಟು ಚೆನ್ನಾಗಿ! ಕತಕಾನಾ ಲಿಪಿಯಲ್ಲಿ ರಂಗಪ್ಪ ಎಂದು ಬರೆದರೆ ಒತ್ತಕ್ಷರವೂ ಉಳಿಯುತ್ತದೆ, ಏಕೆಂದರೆ ಜಪಾನಿ ಭಾಷೆಯಲ್ಲಿ ನಮ್ಮಂತೆಯೇ ದ್ವಿತ್ವವಿದೆ, ಅದನ್ನು ತೋರಿಸಲು ಒಂದು ಪುಟ್ಟ ಅಕ್ಷರವೇ ಇದೆ. ಹ್ರಸ್ವ, ದೀರ್ಘಗಳ ಭೇದವೂ ಇದೆ: 'ಒಬಸಾನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸಾನ್' ಎಂದರೆ ಅಜ್ಜಿ. ಸಂಜೆಯ ಭಾಷಾ ತರಗತಿಯಲ್ಲಿ ಇಂಗ್ಲಿಷ್ ನಾಡುಗಳಿಂದ ಬಂದವರಿಗೆ ಇದು ಕಿವಿಗೆ ಹತ್ತದೆ ಕಷ್ಟವಾಗುವುದನ್ನು ನೋಡುತ್ತೇನೆ. ನನ್ನ ಸ್ವಂತ ಹೆಸರು ಮಾತ್ರ ಇವರ ಲಿಪಿಯಲ್ಲಿ ಲಕಾರವಿಲ್ಲದ ಕಾರಣ 'ರರಿತಾ' ಆಗಿಬಿಟ್ಟಿತು. ಇವರ ಅಕ್ಷರಮಾಲೆಯ ಸಾಲು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತದ ವರ್ಣಕ್ರಮವನ್ನು ಕಲಿತದ್ದರ ಗುರುತು ಅದು. ಕಳೆದ ಶುಕ್ರವಾರ ಪಕ್ಕದ ಮೇಜಿನ ಸಹೋದ್ಯೋಗಿ ಉಪ್ಪಿನಲ್ಲಿಟ್ಟ ಚೆರ್ರಿ ಎಲೆ ಸುತ್ತಿದ ಅಕ್ಕಿಯ ಸಿಹಿಯೊಂದನ್ನು ಮುಂದಿಟ್ಟು "ತಬೇತೆ ಮಿತೆ ಕುದಸಾಯ್" ಎಂದರು. 'ತಬೇತೆ' ತಿಂದು, 'ಮಿತೆ' ನೋಡಿ. ತಿಂದು ನೋಡಿ! ರುಚಿ ನೋಡುವುದಕ್ಕೆ ಕಣ್ಣಿನ ಕ್ರಿಯಾಪದವನ್ನೇ ನಮ್ಮಂತೆ ಬಳಸುವ ಭಾಷೆಯೊಂದು ಇಷ್ಟು ದೂರದಲ್ಲಿ ಸಿಕ್ಕಿತಲ್ಲ ಎಂದು, ತಿನ್ನುವುದನ್ನೂ ಮರೆತು ಕುಳಿತಿದ್ದೆ.

ವಿಳಾಸ ಸಿಕ್ಕ ಮೇಲೆ ಉಳಿದದ್ದು ಬ್ಯಾಂಕ್ ಖಾತೆ. ಖಾತೆಗೆ ಫೋನ್ ಸಂಖ್ಯೆ ಬೇಕು, ಫೋನಿಗೆ ಖಾತೆ ಬೇಕು. ಒಂದು ಬ್ಯಾಂಕಿನವರು ದೇಶಕ್ಕೆ ಬಂದು ಆರು ತಿಂಗಳಾಗಬೇಕೆಂದು ಹಿಂದೆ ಕಳುಹಿಸಿದರು. ಇನ್ನೊಂದರಲ್ಲಿ ಉದ್ಯೋಗ ಪತ್ರ ತೋರಿಸಿದ್ದಕ್ಕೆ ಕೆಲಸವಾಯಿತು. ಅದಕ್ಕಾಗಿ ಕತಕಾನಾದಲ್ಲಿ 'ರಂಗಪ್ಪ' ಎಂದು ಕೆತ್ತಿದ ಬೆರಳುದ್ದದ ಮುದ್ರೆಯೊಂದನ್ನು ಮಾಡಿಸಿದ್ದೆ. ಬ್ಯಾಂಕಿನ ಕಾರ್ಡು ರಿಜಿಸ್ಟರ್ಡ್ ಅಂಚೆಯಲ್ಲೇ ಬರುತ್ತದೆ. ಮೊನ್ನೆ ನಾನಿಲ್ಲದಾಗ ಅಂಚೆಯವರು ಬಂದು ಚೀಟಿ ಬಿಟ್ಟು ಹೋಗಿದ್ದರು. ನಿನ್ನೆ ಶನಿವಾರ ಮತ್ತೆ ತಂದರು. ಸಹಿಯ ಜಾಗದಲ್ಲಿ ಮುದ್ರೆ ಒತ್ತಿ ಪಡೆದುಕೊಂಡೆ.

ಈ ಮಂಗಳವಾರ ಯುಗಾದಿ ಬಂದು ಹೋಯಿತು. ಕಚೇರಿಗೆ ರಜೆಯಿರಲಿಲ್ಲ. ಇಲ್ಲಿನ ಭಾರತೀಯ ಅಂಗಡಿಯಲ್ಲಿ ಬೇವು ಸಿಗಲಿಲ್ಲ, ಬೆಲ್ಲ ಸಿಕ್ಕಿತು. ದಾರಿಯ ಚೆರ್ರಿ ಮರಗಳು 4ನೇ ತಾರೀಖಿನ ಹೊತ್ತಿಗೆ ತುಂಬಿ ಅರಳಿದ್ದವು. ಈಗ ಹೂವು ಉದುರಿ ಎಲೆ ಚಿಗುರಿದೆ.

ಅಪ್ಪ ಫೋನ್ ಇಡುವ ಮೊದಲು, ತಾವು ಬರೆದುಕೊಂಡದ್ದನ್ನು ಅಂಕಿ ಅಂಕಿಯಾಗಿ ಓದಿ ಹೇಳಿದರು. ಒಂದು ಕಡೆ ತಪ್ಪಿತ್ತು, ತಿದ್ದಿಸಿದೆ. "ಮೊದಲು ನೀನು ಒಂದು ಕಾಗದ ಹಾಕು. ಆ ಮುದ್ರೆ ಒತ್ತಿ ಕಳಿಸು, ನೋಡ್ತೀನಿ" ಎಂದರು. ಎರಡು ಪುಟ ಬರೆದಿದ್ದೇನೆ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಅವರ ಹೆಸರನ್ನು ಒತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ವಿಳಾಸ ಟೋಕಿಯೋದಿಂದ ಶುರುವಾಗಿ ರಂಗಪ್ಪನವರಲ್ಲಿ ಮುಗಿಯುತ್ತದೆ. ಅವರದು ರಂಗಪ್ಪನವರಿಂದ ಶುರುವಾಗಿ ಭಾರತದಲ್ಲಿ ಮುಗಿಯುತ್ತದೆ. ನಾಳೆ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅಂಚೆ ಪೆಟ್ಟಿಗೆಗೆ ಹಾಕಬೇಕು.