ವಾಷಿಂಗ್ ಸೋಡಾಗೂ ನೀಲಿ ಬಂತು! ಮೂರು ಡಬ್ಬ, ಹತ್ತು ದಿನದ ಗೋಳು

ಕೊನೆಗೂ ಸಿಕ್ಕಿತು. ಲೇಬಲ್ ಕಳಚಿದ ಬಿಳಿ ಪುಡಿಗಳನ್ನು ಗುರುತಿಸಲು ಹೋದಾಗ ಹತ್ತು ದಿನ ತಲೆ ತಿಂದ ಆ ನೀಲಿ ಬಣ್ಣದ ಮೂಲ ನಮ್ಮ ಅಡುಗೆಮನೆಯಲ್ಲೇ ಇತ್ತು.

ಈ ಸಲದ ಮಳೆಗೆ ಕಪಾಟಿನೊಳಗೆ ತೇವ ನುಗ್ಗಿ ಮೂರು ಡಬ್ಬಗಳ ಲೇಬಲ್ ಕಳಚಿ ಬಿದ್ದವು. ಒಂದರಲ್ಲಿ ವಾಷಿಂಗ್ ಸೋಡಾ, ಇನ್ನೊಂದರಲ್ಲಿ ಬಟ್ಟೆ ಕಲೆ ತೆಗೆಯುವ ಸೋಡಿಯಂ ಪರ್ಕಾರ್ಬೊನೇಟ್, ಮತ್ತೊಂದರಲ್ಲಿ ತೋಟಕ್ಕೆ ತಂದ 13:0:45 ಗೊಬ್ಬರ, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಮೂರೂ ಬಿಳಿ, ಮೂರೂ ಗಂಟು ಕಟ್ಟಿದ್ದವು. ಕೊನೆಯ ಎರಡು ಆಕ್ಸಿಡೈಸರ್, ಅಂದರೆ ಪಕ್ಕದ ವಸ್ತು ಜೋರಾಗಿ ಉರಿಯುವಂತೆ ಮಾಡುವಂಥವು; ವಾಷಿಂಗ್ ಸೋಡಾ ಅಲ್ಲ. ಕೆಳಗಿನ ಅರೆಯಲ್ಲಿ ಸೀಮೆಎಣ್ಣೆ ಕ್ಯಾನ್ ಬೇರೆ ಇದೆ. ಯಾವುದು ಯಾವುದು ಅಂತ ಗೊತ್ತಾಗಲೇಬೇಕಿತ್ತು.

ಘನ ಪುಡಿ ಆಕ್ಸಿಡೈಸರ್ ಹೌದೋ ಅಲ್ಲವೋ ಅಂತ ನೋಡುವ ಅಧಿಕೃತ ಪರೀಕ್ಷೆ ಅಂದರೆ ಅಪಾಯಕಾರಿ ಸರಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಕೈಪಿಡಿಯ ಒ.1. ಪುಡಿಯನ್ನು ಒಣ ಸೆಲ್ಯುಲೋಸ್ (ಸಸ್ಯದ ನಾರು) ಜೊತೆ ಕಲಸಿ, 30 ಗ್ರಾಂನ ಗೋಪುರ ಮಾಡಿ, ಬಿಸಿ ತಂತಿಯಿಂದ ಹೊತ್ತಿಸಿ, ಎಷ್ಟು ಹೊತ್ತಿನಲ್ಲಿ ಉರಿಯುತ್ತದೆ ಅಂತ ಪೊಟ್ಯಾಸಿಯಂ ಬ್ರೋಮೇಟ್ ಜೊತೆ ಹೋಲಿಸುತ್ತಾರೆ. ಬ್ರೆಡ್ ಹಿಟ್ಟಿಗೆ ಹಾಕುತ್ತಿದ್ದರಲ್ಲ, 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರಲ್ಲ, ಅದೇ ಬ್ರೋಮೇಟ್. ಆಮೇಲೆ ಬಂದ ಒ.3ರಲ್ಲಿ ಬ್ರೋಮೇಟ್ ಬದಲು ಕ್ಯಾಲ್ಸಿಯಂ ಪೆರಾಕ್ಸೈಡ್, ಗಡಿಯಾರದ ಜೊತೆಗೆ ತಕ್ಕಡಿ, ಉರಿಯುತ್ತಾ ತೂಕ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಲು. ಅದನ್ನು ಮನೆಯಲ್ಲಿ ಮಾಡೋದು ಬೇಡ, ನಾನೂ ಮಾಡಿಲ್ಲ. ನನ್ನದು ಒದ್ದೆ ಪರೀಕ್ಷೆ: ಪೊಟ್ಯಾಸಿಯಂ ಅಯೋಡೈಡ್ ಮತ್ತು ಗಂಜಿ ಹಚ್ಚಿದ ಕಾಗದ. ಆಕ್ಸಿಡೈಸರ್ ತಾಗಿದರೆ ಅಯೋಡಿನ್ ಬಿಡುಗಡೆಯಾಗಿ, ಗಂಜಿಯ ಪಿಷ್ಟದ ಜೊತೆ ಸೇರಿ ನೀಲಿ ಬರಬೇಕು.

ಮೊದಲು ಅಯೋಡೈಡ್ ಕಥೆ. ಆನ್‌ಲೈನ್‌ನಲ್ಲಿ ತರಿಸಿದ್ದು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಂತು, ಅದೂ ಹಳದಿಯಾಗಿ. ಹಳದಿ ಅಂದರೆ ಆಗಲೇ ಅಯೋಡಿನ್ ಬಿಟ್ಟಿದೆ ಅಂತ. ಫೋನ್ ಮಾಡಿದರೆ "ಎಲ್ಲ ಹಾಗೇ ಇರುತ್ತೆ ಸಾರ್" ಅಂದರು. ಇರಲ್ಲ! ಕಂದು ಬಾಟಲಿಯಲ್ಲಿ ಕಳಿಸಿ ಅಂತ ಆರ್ಡರ್‌ನಲ್ಲೇ ಬರೆದಿದ್ದೆ. ಕೊನೆಗೆ ಶಾಲೆಗಳಿಗೆ ಸಾಮಾನು ಕೊಡುವ ಅಂಗಡಿಯಿಂದ 25 ಗ್ರಾಂ ತಂದೆ. ಹಾಲಿನಷ್ಟು ಬಿಳಿ.

ಮೊದಲ ದಿನ ಮೂರೂ ಪುಡಿಯನ್ನು ಬ್ಯಾಟರಿ ನೀರಿನಲ್ಲಿ (ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಆಮ್ಲ ಅಲ್ಲ) ಕರಗಿಸಿ ಕಾಗದ ಅದ್ದಿದೆ. ಮೂರೂ ಬಿಳಿ. ಒಂದು ಲೋಟದಲ್ಲಿ ಸಣ್ಣ ಗುಳ್ಳೆ ಏಳ್ತಾನೇ ಇದೆ, ಪರ್ಕಾರ್ಬೊನೇಟ್ ಅಂತ ಕಣ್ಣಿಗೇ ಕಾಣ್ತಿದೆ, ಕಾಗದ ಮಾತ್ರ ಜಪ್ಪಯ್ಯ ಅಂದರೂ ನೀಲಿ ಆಗಲ್ಲ. ಒಂದು ಸಂಜೆ ಇದರಲ್ಲೇ ಹೋಯಿತು. ಕಾರಣ ಕ್ಷಾರ. ಪರ್ಕಾರ್ಬೊನೇಟ್ ಅಂದರೆ ಸೋಡಿಯಂ ಕಾರ್ಬೊನೇಟ್ ಜೊತೆ ಕಟ್ಟಿಹಾಕಿದ ಹೈಡ್ರೋಜನ್ ಪೆರಾಕ್ಸೈಡ್, ನೀರಿಗೆ ಬಿದ್ದರೆ ಪಿಎಚ್ 10ರ ಮೇಲೆ. ಅಲ್ಲಿ ಅಯೋಡಿನ್ ಹುಟ್ಟಿದರೂ ಉಳಿಯಲ್ಲ, ಬಣ್ಣವಿಲ್ಲದ ಅಯೋಡೇಟ್, ಅಯೋಡೈಡ್ ಆಗಿ ಒಡೆಯುತ್ತದೆ. ಅಷ್ಟು ಸಾಲದು ಅಂತ ಕ್ಷಾರದಲ್ಲಿ ಪೆರಾಕ್ಸೈಡೇ ಅದನ್ನು ತಿರುಗಿ ಅಯೋಡೈಡ್ ಮಾಡಿಬಿಡುತ್ತದೆ.

ಸರಿ, ಹುಳಿ ಮಾಡೋಣ. ನೊರೆ ನಿಲ್ಲುವವರೆಗೆ ಬಿಳಿ ವಿನೆಗರ್ ಹಾಕಿ ಕಾಗದ ಅದ್ದಿದೆ. ಅರ್ಧ ನಿಮಿಷದಲ್ಲಿ ಕಡು ನೀಲಿ! ಮನೆಯಲ್ಲಿ ಕುಣಿದಾಡಿದ್ದೊಂದು ಬಾಕಿ. ಹೋಲಿಕೆಗೆ ಅಂತ ಉಳಿದ ಎರಡು ಲೋಟಕ್ಕೂ ವಿನೆಗರ್ ಹಾಕಿ ಕಾಗದ ಇಳಿಸಿ ಚಹಾ ಕುಡಿದು ಬಂದೆ. ಎರಡೂ ತಿಳಿ ನೇರಳೆ. ಬರೀ ನೀರು ವಿನೆಗರ್ ಇದ್ದ ಖಾಲಿ ಲೋಟದಲ್ಲೂ ತಿಳಿ ನೇರಳೆ. ವಾಷಿಂಗ್ ಸೋಡಾ ಯಾವಾಗಿಂದ ಆಕ್ಸಿಡೈಸರ್ ಆಯಿತಪ್ಪಾ?

ಇಲ್ಲಿಂದ ಹತ್ತು ದಿನ. ಮೊದಲ ಅನುಮಾನ ಗಾಳಿ ಮೇಲೆ. ಹುಳಿಯಲ್ಲಿ, ಬೆಳಕಿನಲ್ಲಿ, ಗಾಳಿಯ ಆಮ್ಲಜನಕವೇ ಅಯೋಡೈಡನ್ನು ಮೆಲ್ಲಗೆ ಅಯೋಡಿನ್ ಮಾಡುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ. ಡಬ್ಬದೊಳಗೆ ಕತ್ತಲಲ್ಲಿ ಮಾಡಿದೆ. ಬಂತು. ಬ್ಯಾಟರಿ ನೀರಿನ ಮೇಲೆ ಅನುಮಾನಪಟ್ಟು ಬೇರೆ ಕ್ಯಾನ್ ತಂದೆ, ಆಮೇಲೆ ಮಳೆನೀರು ಹಿಡಿದು ನೋಡಿದೆ. ಬಂತು. ವಿನೆಗರ್ ಬದಲಿಸಿ ಸಿಟ್ರಿಕ್ ಆಮ್ಲ ಹಾಕಿದೆ. ಬಂತು. ಹುಳಿ ಹಾಕದಿದ್ದರೆ ಮಾತ್ರ ಕಾಗದ ತಣ್ಣಗೆ ಬಿಳಿ.

ಆರನೇ ದಿನ ಹೊಸ ಕಾಗದಕ್ಕೆ ಗಂಜಿ ತಿಳಿ ಬೇಕು ಅಂತ ಅಡುಗೆಮನೆಗೆ ಹೋದರೆ ಪಾತ್ರೆ ಖಾಲಿ. ಅಮ್ಮ "ತಡಿ, ಈಗ ಬಸೀತೀನಿ, ಉಪ್ಪು ಹಾಕಿ ಕೊಡ್ತೀನಿ" ಅಂದರು. ಉಪ್ಪಾ? "ಮತ್ತೆ? ಕುಡಿಯೋಕೆ ಇಡೋ ತಿಳಿಗೆ ದಿನಾ ಹಾಕಲ್ವಾ?"

ಅಲ್ಲೇ ನಿಂತುಬಿಟ್ಟೆ. ನಮ್ಮ ದೇಶದ ಅಯೋಡಿನ್ ಉಪ್ಪಿಗೆ ಸೇರಿಸುವುದು ಅಯೋಡೈಡ್ ಅಲ್ಲ, ಅಯೋಡೇಟ್. ತೇವಕ್ಕೆ ಅದೇ ಜಾಸ್ತಿ ತಡೆಯುತ್ತದೆ. ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಪಾಲಿಗೆ 15 ಪಾಲು) ಅಯೋಡಿನ್ ಇರಬೇಕು ಅಂತ ನಿಯಮ. ಅಯೋಡೇಟ್ ಮತ್ತು ಅಯೋಡೈಡ್ ಒಂದೇ ಕಾಗದದ ಮೇಲೆ ಸುಮ್ನೆ ಅಕ್ಕಪಕ್ಕ ಕೂತಿರುತ್ತವೆ, ಹುಳಿ ಬಿದ್ದ ಕೂಡಲೇ ಎರಡೂ ಸೇರಿ ಅಯೋಡಿನ್. ಬಣ್ಣ ಗಟ್ಟಿ ಬರಲಿ ಅಂತ ಪ್ರತಿ ಕಾಗದವನ್ನೂ ಮೂರು ಸಲ ತಿಳಿಯಲ್ಲಿ ಅದ್ದಿ ಒಣಗಿಸಿದ್ದೆ, ಅಂದರೆ ಮೂರು ಪಟ್ಟು ಉಪ್ಪು. ನಾನು ಪರೀಕ್ಷೆ ಮಾಡಿದ್ದು ನಮ್ಮನೆ ಉಪ್ಪನ್ನು!

ಅನುಮಾನ ಉಳಿಯಬಾರದಲ್ಲ. ಮೆಕ್ಕೆಜೋಳದ ಹಿಟ್ಟನ್ನು ಬ್ಯಾಟರಿ ನೀರಿನಲ್ಲಿ ಕುದಿಸಿ ಉಪ್ಪಿಲ್ಲದ ಹೊಸ ಕಾಗದ ಮಾಡಿದೆ. ಒಂದು ತುದಿಗೆ ಅಡುಗೆ ಉಪ್ಪಿನ ನಾಲ್ಕು ಹರಳು, ಇನ್ನೊಂದು ತುದಿಗೆ ಕೊಟ್ಟಿಗೆಯಿಂದ ತಂದ, ದನಕ್ಕೆ ಹಾಕುವ ಅಯೋಡಿನ್ ಇಲ್ಲದ ಉಪ್ಪು. ಎರಡರ ಮೇಲೂ ಒಂದೊಂದು ಹನಿ ವಿನೆಗರ್. ಅಡುಗೆ ಉಪ್ಪಿನ ಪ್ರತಿ ಹರಳಿನ ಸುತ್ತಲೂ ಸಾಸಿವೆ ಕಾಳಿನಷ್ಟು ನೇರಳೆ ಉಂಗುರ ಎದ್ದು ನಿಧಾನ ಹರಡಿತು. ಆ ಕಡೆ ಬರೀ ಒದ್ದೆ ಕಾಗದ. ಎಷ್ಟು ಚೆನ್ನಾಗಿತ್ತು ಅಂದರೆ ಅಮ್ಮನನ್ನೂ ಕರೆದು ತೋರಿಸಿದೆ.

ಉಳಿದ ನಾಲ್ಕು ದಿನ ಎಲ್ಲವನ್ನೂ ಮೂರು ಮೂರು ಸಲ ಮತ್ತೆ ಮಾಡಿದೆ. ಖಾಲಿ ಲೋಟ ಬಿಳಿ. ವಿನೆಗರ್‌ಗೆ ನೊರೆ, ಜೊತೆಗೆ ನೀಲಿ: ಪರ್ಕಾರ್ಬೊನೇಟ್. ನೊರೆ ಮಾತ್ರ: ವಾಷಿಂಗ್ ಸೋಡಾ. ನೊರೆಯೂ ಇಲ್ಲ, ನೀಲಿಯೂ ಇಲ್ಲ, ಕರಗಿಸಿದರೆ ಲೋಟ ತಣ್ಣಗಾಗುತ್ತದೆ: ನೈಟ್ರೇಟ್. ಹೌದು, ನೈಟ್ರೇಟ್‌ಗೆ ನೀಲಿ ಬರಲ್ಲ. ಅದು ಆಕ್ಸಿಡೈಸರ್ ಹೌದು, ಆದರೆ ತಣ್ಣಗಿನ ತೆಳು ಹುಳಿಯಲ್ಲಿ ಅಯೋಡೈಡ್ ಕಡೆ ತಿರುಗಿಯೂ ನೋಡಲ್ಲ, ಅದರ ಆಟವೆಲ್ಲ ಬಿಸಿಯಲ್ಲಿ. ಹಾಗಾಗಿ ನೀಲಿ ಬರಲಿಲ್ಲ ಅಂತ ಗುರುತಿಲ್ಲದ ಪುಡಿಯನ್ನು ಸೀಮೆಎಣ್ಣೆ ಪಕ್ಕ ಇಡಬೇಡಿ. ನಾನು ಮೂರನೆಯದನ್ನು ಗುರುತಿಸಿದ್ದು ಇದ್ದದ್ದೇ ಮೂರು ಅಂತ ಗೊತ್ತಿದ್ದದ್ದಕ್ಕೆ.

ಈ ಗಲಾಟೆಯಲ್ಲಿ ಮುಂದಿನ ಕೆಲಸವೂ ಸಿಕ್ಕಿತು. ಗಂಟು ಕಟ್ಟಿದ ಪರ್ಕಾರ್ಬೊನೇಟ್‌ನಲ್ಲಿ ಪೆರಾಕ್ಸೈಡ್ ಎಷ್ಟು ಉಳಿದಿದೆ? ಹೊಸದರಲ್ಲಿ ಲೆಕ್ಕದ ಪ್ರಕಾರ ನೂರಕ್ಕೆ 32ರಷ್ಟು ಇರಬೇಕು. ಪರ್ಮಾಂಗನೇಟ್ ಟೈಟ್ರೇಶನ್ ಮಾಡಿ, ಅಂದರೆ ಪರ್ಮಾಂಗನೇಟ್ ದ್ರಾವಣವನ್ನು ಹನಿ ಹನಿಯಾಗಿ ಅಳೆದು ಹಾಕಿ, ತಿಂಗಳಿಗೊಮ್ಮೆ ಅಳೆಯೋಣ ಅಂತ ಇದ್ದೇನೆ, ಒಂದು ಬಾಟಲಿ ಸಿಲಿಕಾ ಜೆಲ್ ಜೊತೆ, ಒಂದು ಹಾಗೇ ಮಲೆನಾಡಿನ ಗಾಳಿಗೆ. ಮುಚ್ಚಳ ಬಿಗಿ ಮಾಡಲ್ಲ, ಆಮ್ಲಜನಕ ಬಿಡುತ್ತಲ್ಲ. ಅದಕ್ಕೆ ಬೇಕಾದ ಬ್ಯುರೆಟ್‌ನ (ಅಳತೆ ಗೆರೆಯ ಗಾಜಿನ ಕೊಳವೆ) ನಲ್ಲಿ ಸೋರುತ್ತಿದೆ, ಅದೇ ಶಾಲೆ ಅಂಗಡಿಗೆ ಸೋಮವಾರ ಹೋಗಬೇಕು.

ಡಬ್ಬಗಳ ಮೇಲೆ ಈಗ ಪೆನ್ಸಿಲ್‌ನಲ್ಲಿ ಬರೆದು ಟೇಪ್ ಸುತ್ತಿದ್ದೇನೆ. ಎರಡಕ್ಕೆ ಹಳದಿ ಚೌಕ ಅಂಟಿಸಿ ಆಕ್ಸಿಡೈಸರ್‌ನ ಗುರುತಾದ 5.1 ಅಂತ ಬರೆದು ಮೇಲಿನ ಅರೆಗೆ ಏರಿಸಿದ್ದಾಯಿತು. ಸೀಮೆಎಣ್ಣೆ ಕ್ಯಾನ್ ಕೊಟ್ಟಿಗೆಯ ಆಚೆ, ಪಂಪ್ ಮನೆಗೆ ಹೋಯಿತು.